ತೂಕದ ದಾನಪ್ಪನ ದೋಣಿ

ದೇವರು ಎರಡು ಕಿವಿ ಕೊಟ್ಟಿದ್ದರೂ ದಾನಪ್ಪ ಕೇಳುತ್ತಿದ್ದುದು ಅರ್ಧ ಮಾತು. ಯಾರು ಏನೇ ಹೇಳಲಿ, ಮೊದಲರ್ಧ ಕೇಳಿ "ತಿಳೀತು ಬಿಡ್ರಿ" ಎಂದು ತಲೆಯಾಡಿಸಿ, ಉಳಿದರ್ಧ ಮುಗಿಯುವ ಹೊತ್ತಿಗೆ ಕೆಲಸಕ್ಕೆ ಕೈಹಾಕಿರುತ್ತಿದ್ದ. ಕೆನಡಾಕ್ಕೆ ಬಂದ ಹೊಸದರಲ್ಲಿ ಡ್ರೈವಿಂಗ್ ಟೆಸ್ಟಿನ ಅಧಿಕಾರಿ "ಬಲಕ್ಕೆ ತಿರುಗಿ" ಎಂದ ಕೂಡಲೇ ತಿರುಗಿ, ಯಾರದೋ ಮನೆಯ ಹೂವಿನ ಪಾತಿಯಲ್ಲಿ ಕಾರು ನಿಲ್ಲಿಸಿದ್ದ. "ಮುಂದಿನ ಸಿಗ್ನಲ್ಲಿನಲ್ಲಿ" ಎಂಬ ಉಳಿದ ಮಾತನ್ನು ಆ ಪುಣ್ಯಾತ್ಮರು ಹೂವಿನ ನಡುವೆ ಕೂತು ಮುಗಿಸಿದ್ದರು.

ಒಂದು ವಿಷಯದಲ್ಲಿ ಮಾತ್ರ ದಾನಪ್ಪ ಪೂರ್ತಿ ಮನುಷ್ಯ. ಅದು ತೂಕ. ವುಡ್‌ಬ್ರಿಡ್ಜಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ, ಹೊರಗೆ ಹೋಗುವ ಪ್ರತಿ ಪೆಟ್ಟಿಗೆಯನ್ನೂ ತೂಗಿ ಚೀಟಿ ಅಂಟಿಸುವುದು ಅವನ ಕೆಲಸ. ಹುಬ್ಬಳ್ಳಿಯಲ್ಲಿದ್ದಾಗ ಡಿಪ್ಲೊಮಾ ಮಾಡಿಕೊಂಡು ಪಂಪ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು. ಇಲ್ಲಿಗೆ ಬಂದ ಮೊದಲ ವಾರ "ಸದ್ಯಕ್ಕೆ ಈ ತಕ್ಕಡಿ ಹತ್ತಿರ ನಿಂತಿರಪ್ಪ" ಅಂದರು. ಆ 'ಸದ್ಯ'ಕ್ಕೆ ಹದಿನಾಲ್ಕು ವರ್ಷ ತುಂಬಿತ್ತು. ಇಷ್ಟು ವರ್ಷದಲ್ಲಿ ಅವನು ತೂಗಿದ್ದು ಒಂದು ಔನ್ಸೂ ಹೆಚ್ಚುಕಡಿಮೆ ಆಗಿರಲಿಲ್ಲ. ಆದರೂ ಕನ್ನಡ ಸಂಘದ ಊಟದಲ್ಲಿ ಯಾರಾದರೂ "ಏನ್ ಮಾಡ್ತೀರಿ?" ಎಂದು ಕೇಳಿದರೆ "ಲಾಜಿಸ್ಟಿಕ್ಸ್" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಸಾರು ಹಾಕಿಸಿಕೊಳ್ಳಲು ಏಳುತ್ತಿದ್ದ.

ಎರಡು ಸಾವಿರದ ಹದಿನೇಳರ ವಸಂತದಲ್ಲಿ ಕಾರ್ಖಾನೆಯ ಮಾಲೀಕ ಫ್ರಾಂಕ್ ಅವನನ್ನು ಹಿಂದಿನ ಶೆಡ್ಡಿಗೆ ಕರೆದೊಯ್ದ. ಫ್ರಾಂಕ್ ಇಟಲಿ ಮೂಲದವನು, ಅರ್ಧ ಮಾತು ಬಾಯಿಂದ, ಅರ್ಧ ಕೈಯಿಂದ. ಹೊದಿಕೆ ಸರಿಸಿದರೆ ಒಳಗೆ ಕೆಂಪು ಬಣ್ಣದ ಉದ್ದ ಮೂತಿಯ ಜೆಟ್ ದೋಣಿ. ಹೊರಗೆ ತಿರುಗುವ ರೆಕ್ಕೆ ಇಲ್ಲ. ತಳದಿಂದ ನೀರನ್ನು ಎಳೆದುಕೊಂಡು ಹಿಂದಕ್ಕೆ ರಭಸದಿಂದ ಉಗುಳುವುದು, ಆ ಉಗುಳಿನ ಬಲಕ್ಕೆ ಮುಂದೆ ಹಾರುವುದು. ಕಾಲು ಮೈಲಿ ನೇರ ಓಟ, ಎರಡೇ ದೋಣಿ, ಹತ್ತು ಸೆಕೆಂಡಿನ ಆಟ.

ದಾನಪ್ಪ ಬಗ್ಗಿ ತಳ ನೋಡಿದ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಇದು ನಮ್ಮ ಪಂಪ್ ಅಲ್ಲೇನ!" ಎಂದ, ಕನ್ನಡದಲ್ಲೇ.

ಫ್ರಾಂಕ್ ಹೇಳಿದ್ದಿಷ್ಟು. ಭಾರ ಇದ್ದರೆ ದೋಣಿ ನೀರಿನಲ್ಲಿ ಆಳಕ್ಕೆ ಕೂತಿರುತ್ತದೆ, ಏಳುವುದು ತಡ. ಒಮ್ಮೆ ಎದ್ದು ನೀರ ಮೇಲೆ ಜಾರತೊಡಗಿದರೆ ಭಾರದ ಕಾಟ ಅಷ್ಟಿಲ್ಲ, ಕೊನೆಯ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಹತ್ತು ಸೆಕೆಂಡಿನ ಆಟದಲ್ಲಿ ಏಳುವುದೇ ಎಲ್ಲ. ನೂರು ಪೌಂಡು ಇಳಿಸಿದರೆ ಸೆಕೆಂಡಿನ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಆದ್ದರಿಂದ ದಾನಪ್ಪ ದೋಣಿಯ ಪ್ರತಿ ತಿರುಪನ್ನೂ ತೂಗಿ ಪಟ್ಟಿ ಮಾಡಬೇಕು. ಮೂರು ಕಾಲಂ: ವಸ್ತು, ತೂಕ, ತೆಗೆಯಬಹುದೇ ಇಲ್ಲವೇ.

ಇದು ಮೊದಲರ್ಧ. ದಾನಪ್ಪ "ತಿಳೀತು" ಎಂದು ತಲೆಯಾಡಿಸಿ ಸ್ಕ್ರೂಡ್ರೈವರ್ ತರಲು ಹೊರಟಿದ್ದ. ಓದುಗರು ಮಾತ್ರ ಹಾಗೆ ಅರ್ಧಕ್ಕೆ ಏಳಬಾರದು. ಫ್ರಾಂಕ್ ಗಾಳಿಗೆ ಹೇಳಿದ ಉಳಿದರ್ಧ ಹೀಗಿತ್ತು: ನಮ್ಮ ವರ್ಗದಲ್ಲಿ ಹತ್ತು ಸೆಕೆಂಡೇ ಗೆರೆ. ಹತ್ತಕ್ಕಿಂತ ಒಂದು ಕೂದಲೆಳೆ ಬೇಗ ಮುಟ್ಟಿದರೂ ದೋಣಿ ಪಂದ್ಯದಿಂದ ಹೊರಗೆ. ಹತ್ತಕ್ಕಿಂತ ಕೆಳಗಿಳಿಯದೆ ಆ ಗೆರೆಗೆ ಯಾರು ತೀರ ಸಮೀಪ ಬರುತ್ತಾರೋ ಅವರೇ ಗೆದ್ದವರು. ಹಾಗಾಗಿ ಒಮ್ಮೆ ತೂಕ ಗೊತ್ತುಮಾಡಿದ ಮೇಲೆ ಒಂದು ಪೌಂಡು ಹೆಚ್ಚೂ ಬೇಡ, ಒಂದು ಪೌಂಡು ಕಡಿಮೆಯೂ ಬೇಡ.

ಏಪ್ರಿಲ್ ಕೊನೆಯಲ್ಲಿ ಎರಿನ್ ಮಿಲ್ಸ್‌ನ ಹಾಲ್ ಒಂದರಲ್ಲಿ ಬಸವ ಜಯಂತಿಯ ಊಟ. ಸಂಘದ ಅಧ್ಯಕ್ಷ ಚಂದ್ರಮೋಹನ ಮೈಸೂರಿನವರು, ಮಿಸಿಸಾಗದ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಎದುರಿಗೆ ಯಾರು ಕೂತರೂ ಸನ್ಮಾನ ಮಾಡಬೇಕೆನಿಸುವ ಒಳ್ಳೆಯ ಮನುಷ್ಯ. ಅವರು ಊಟದ ಟೇಬಲ್ಲಿನಲ್ಲಿ "ಲಾಜಿಸ್ಟಿಕ್ಸ್ ಹೇಗಿದೆ ಸಾರ್?" ಎಂದು ಕೇಳಿದಾಗ ದಾನಪ್ಪ, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಸಾರಿಗೆ ಏಳಲಿಲ್ಲ.

"ಈಗ ಬೋಟ್ ರೇಸ್ ಹಿಡದೇವ್ರಿ" ಎಂದ.

ಟೇಬಲ್ಲಿನ ಎಂಟೂ ಮುಖ ಅವನತ್ತ ತಿರುಗಿದವು. ದಾನಪ್ಪನ ಎದೆ ಎರಡು ಇಂಚು ಅಗಲವಾಯಿತು. ಭಾರಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳತೊಡಗಿದ.

"ನೋಡ್ರಿ, ಹೋಳಿಗಿ ಊಟ ಆದಮ್ಯಾಲೆ ನೆಲದ ಮ್ಯಾಲೆ ಕುಂತಾಂವ ಏಳೂದು ತಡ. ಕೈ ಊರತಾನ, ಗೋಡಿ ಹಿಡೀತಾನ, ಶಿವಾ ಅಂತಾನ. ಆದ್ರ ಒಮ್ಮಿ ಎದ್ದ ಅಂದ್ರ ಎಲ್ಲಾರಂಗ ನಡಕೋತ ಮನಿ ಮುಟ್ಟತಾನ. ದೋಣಿನೂ ಹಂಗ. ಭಾರ ಕಾಡೂದು ಏಳೂವಾಗ."

"ಅದ್ಭುತ ಸಾರ್!" ಎಂದರು ಚಂದ್ರಮೋಹನ. "ಹಾಗಾದ್ರೆ ಓಡಿಸೋರ ತೂಕಾನೂ ಲೆಕ್ಕಕ್ಕೆ ಬರುತ್ತಾ?"

"ಔನ್ಸ್ ಸುದ್ದಾ ಬರತೈತ್ರಿ."

"ಓಡಿಸೋದು ನೀವೇನಾ?"

ಈ ಪ್ರಶ್ನೆ ಬಂದಾಗ ದಾನಪ್ಪನ ಬಾಯಲ್ಲಿ ಹೋಳಿಗೆ ಇತ್ತು. ಬಾಯಿ ತುಂಬಿದವನು ನಗಬಲ್ಲನೇ ಹೊರತು 'ಇಲ್ಲ' ಎನ್ನಲಾರ. ಅವನು ನಕ್ಕ. ನುಂಗಿ ಮುಗಿಸುವ ಹೊತ್ತಿಗೆ ಚಂದ್ರಮೋಹನ ಎದ್ದು ನಿಂತು ಪಕ್ಕದ ಮೂರು ಟೇಬಲ್ಲಿಗೂ ಸುದ್ದಿ ಮುಟ್ಟಿಸಿಯಾಗಿತ್ತು. ಅಷ್ಟೂ ಜನ ಮೊದಲು ದಾನಪ್ಪನ ಮುಖ ನೋಡಿದರು, ಆಮೇಲೆ, ಈಗಷ್ಟೇ ಕೇಳಿದ ವಿಜ್ಞಾನವನ್ನು ನೆನೆದು, ಹೊಟ್ಟೆ ನೋಡಿದರು.

ಆಗಲೇ ಬಡಿಸುತ್ತ ಬಂದ ಅವನ ಹೆಂಡತಿ ನಾಗವ್ವ "ಇನ್ನೊಂದು ಹಾಕ್ಲಿ?" ಎಂದಳು.

"ಬ್ಯಾಡ. ಇಳಸಾಕತ್ತೀನಿ" ಎಂದ ದಾನಪ್ಪ, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಎರಡನೇ ಹೋಳಿಗೆ ಬೇಡವೆಂದದ್ದು ಅದೇ ಮೊದಲು. ನಾಗವ್ವ ಹೋಳಿಗೆ ಹಿಡಿದ ಕೈ ಹಾಗೇ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು.

ಮರುದಿನ ಸಂಘದ ವಾಟ್ಸಾಪಿನಲ್ಲಿ ಚಂದ್ರಮೋಹನರ ಪ್ರಕಟಣೆ: "ನಮ್ಮ ಹೆಮ್ಮೆಯ ಕನ್ನಡಿಗ, ಗಂಟೆಗೆ ನೂರಿಪ್ಪತ್ತು ಮೈಲಿ ವೇಗದ ಜಲವೀರ, ಶ್ರೀ ದಾನಪ್ಪನವರು!" ದಾನಪ್ಪ ತಿದ್ದುಪಡಿ ಬರೆಯಲು ಕೂತ. "ನಾನು ಓಡಿಸುವವನಲ್ಲ" ಎಂದು ಬರೆದ. ಅಷ್ಟರಲ್ಲಿ ಮೂವತ್ತೆರಡು ಜನ ಚಪ್ಪಾಳೆ ಕಳಿಸಿದ್ದರು. ಹುಬ್ಬಳ್ಳಿಯ ಫೋರ್‌ಮನ್ ಹುದ್ದೆ ಬಿಟ್ಟ ದಿನದಿಂದ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬರೆದದ್ದನ್ನು ಅಳಿಸಿ, ಎರಡು ಕೈ ಮುಗಿದ ಚಿತ್ರವೊಂದನ್ನು ಕಳಿಸಿದ. ಅದಕ್ಕೆ "ಎಂಥ ವಿನಯ!" ಎಂದು ಇನ್ನೂ ಇಪ್ಪತ್ತು ಜನ ಬರೆದರು.

ಅಲ್ಲಿಂದ ದಾನಪ್ಪನ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿಯಾಯಿತು. ಊರಿಗೆಲ್ಲ ಇಳಿಸುತ್ತೇನೆಂದ ಮೇಲೆ ಇಳಿಸಲೇಬೇಕಲ್ಲ! ದಿನಸಿ ಅಂಗಡಿಯಲ್ಲಿ ಸಿಕ್ಕವರೆಲ್ಲ ಅವನ ಬುಟ್ಟಿ ಇಣುಕಿ ನೋಡುತ್ತಿದ್ದರು. ಬೆಲ್ಲದ ಪೊಟ್ಟಣ ಕಂಡರೆ "ರೇಸ್ ಅದ ಅಲ್ರೀ?" ಎಂದು ಎಚ್ಚರಿಸುತ್ತಿದ್ದರು. ಪಕ್ಕದ ಮನೆಯ ಪಂಜಾಬಿ ಅಜ್ಜ ಬೇಲಿಯಾಚೆಯಿಂದ "ಪುತ್ತರ್, ಬೀಮಾರ್ ಹೋ?" ಎಂದು ದಿನಾ ಆರೋಗ್ಯ ವಿಚಾರಿಸತೊಡಗಿದ.

ಎಲ್ಲರಿಗಿಂತ ಕಷ್ಟವಾದದ್ದು ನಾಗವ್ವನಿಗೆ. ಅವಳು ಎರಿನ್ ಮಿಲ್ಸ್ ಮಾಲಿನ ಬಟ್ಟೆ ಅಂಗಡಿಯಲ್ಲಿ ಅಂಗಿ ಮಡಚುವ ಕೆಲಸಕ್ಕೆ ಹೋಗುತ್ತಿದ್ದಳು. ಹೊರಡುವ ಮುಂಚೆ ಗಂಡನ ಬುತ್ತಿ ಕಟ್ಟುವುದು ಇಪ್ಪತ್ತಾರು ವರ್ಷದ ವ್ರತ. ಎರಡು ರೊಟ್ಟಿ, ಎಣ್ಣೆಗಾಯಿ, ಮೂಲೆಯಲ್ಲಿ ಶೇಂಗಾ ಚಟ್ನಿ, ಮೇಲೊಂದು ಹಸಿ ಉಳ್ಳಾಗಡ್ಡಿ. ಈಗ ದಾನಪ್ಪ ಒಂದು ಸೌತೆಕಾಯಿ ಜೇಬಿಗಿಟ್ಟುಕೊಂಡು ಹೊರಡುತ್ತಿದ್ದ. ಮೊದಲ ವಾರ ಅವಳು ಹಟದಿಂದ ಡಬ್ಬಿ ಕೊಟ್ಟು ಕಳಿಸಿದಳು. ಸಂಜೆ ಅದು ಹೋದಂತೆಯೇ ತುಂಬಿ ಬಂತು. ತಣ್ಣಗಾದ ರೊಟ್ಟಿಯನ್ನು ಅವಳೇ ಸಿಂಕಿನ ಹತ್ತಿರ ನಿಂತು ತಿಂದಳು. ನಾಗವ್ವನಿಗೆ ಗಂಡನ ಹತ್ತಿರ ಪ್ರೀತಿಯ ಮಾತು ಆಡಲು ಬರುತ್ತಿರಲಿಲ್ಲ. ಬರುತ್ತಿದ್ದುದು "ಇನ್ನೊಂದು ಹಾಕ್ಲಿ?" ಎನ್ನುವುದೊಂದೇ. ಅದಕ್ಕೆ ಅವನು ದಿನಾ ಬೇಡ ಬೇಡ ಎಂದರೆ ಅವಳು ಇನ್ನೇನು ಮಾತಾಡಬೇಕು?

"ನನ್ನ ಕೈಯಾಗ ಏನರೆ ರುಚಿ ಕೆಟ್ಟೈತೇನ್ರಿ?" ಎಂದು ಒಂದು ದಿನ ಕೇಳಿಯೂ ಬಿಟ್ಟಳು.

"ಹಂಗಲ್ಲ ನಾಗೂ, ದೋಣಿ ಏಳಬೇಕಲ್ಲ" ಎಂದ ದಾನಪ್ಪ, ಅವಳ ಮುಖ ನೋಡದೆ.

ಇತ್ತ ಅಧ್ಯಕ್ಷರು ಸುಮ್ಮನಿರಲಿಲ್ಲ. ಜುಲೈ ಇಪ್ಪತ್ತೆರಡರ ಶನಿವಾರ ಬ್ಯಾರಿ ಪಟ್ಟಣದ ಆಚೆಯ ಒಂದು ಕೆರೆಯಲ್ಲಿ ಪಂದ್ಯ ಎಂದು ಗೊತ್ತಾದದ್ದೇ ಒಂದು ಹಳದಿ ಸ್ಕೂಲ್ ಬಸ್ಸು ಗೊತ್ತುಮಾಡಿದರು. ನಲವತ್ತು ಸೀಟು ಒಂದೇ ದಿನದಲ್ಲಿ ಭರ್ತಿ. ಬ್ಯಾನರಿನಲ್ಲಿ ದಾನಪ್ಪನ ಪಾಸ್‌ಪೋರ್ಟ್ ಫೋಟೋ ದೊಡ್ಡದಾಗಿ, ತಲೆಗೆ ಯಾರದೋ ಹೆಲ್ಮೆಟ್ ಅಂಟಿಸಿ. ಅಧ್ಯಕ್ಷರ ಹೆಂಡತಿ ನೀರಜಾ ಶಾಲು, ಹಾರ, ಮೈಸೂರು ಪೇಟ ಹೊಂದಿಸಿದರು.

ದಾನಪ್ಪ ಗಟ್ಟಿ ಮನಸ್ಸು ಮಾಡಿ ಫೋನ್ ಮಾಡಿದ.

"ಸರ್, ಒಂದ್ ಮಾತು. ನಾ ಬೋಟ್ ಓಡಸಂಗಿಲ್ಲ..."

"ಗೊತ್ತು ಸಾರ್, ಗೊತ್ತು! ನೀವ್ ಓಡಿಸಲ್ಲ, ಹಾರಿಸ್ತೀರ!" ಎಂದು ಗಹಗಹಿಸಿ ಚಂದ್ರಮೋಹನ ಫೋನ್ ಇಟ್ಟರು. ಅರ್ಧ ಕೇಳುವ ಕಾಯಿಲೆ ದಾನಪ್ಪನೊಬ್ಬನದೇ ಅಲ್ಲ.

ಈಗ ಅವನ ಸ್ಥಿತಿ ಹೀಗಿತ್ತು. ನಿಜ ಹೇಳಿದರೆ ಮಾನ ಇವತ್ತೇ ಹೋಗುತ್ತದೆ, ಹೇಳದಿದ್ದರೆ ಇಪ್ಪತ್ತೆರಡನೇ ತಾರೀಖು, ಬಸ್ಸು ಮಾಡಿಕೊಂಡು ಬಂದ ನಲವತ್ತು ಜನರೆದುರು, ನಾಗವ್ವನೆದುರು ಹೋಗುತ್ತದೆ. ಉಳಿದದ್ದು ಒಂದೇ ದಾರಿ: ದೋಣಿ ಗೆಲ್ಲಬೇಕು, ಮತ್ತು ಅದು ಗೆದ್ದದ್ದು ತನ್ನಿಂದ ಎಂದು ಎದೆ ಮುಟ್ಟಿ ಹೇಳುವಂತಿರಬೇಕು. ಓಡಿಸದಿದ್ದರೇನು, ಎಬ್ಬಿಸಿದವ ನಾನು ಎನ್ನಬಹುದಲ್ಲ.

ಪಂದ್ಯದ ಹಿಂದಿನ ದಿನ, ಶುಕ್ರವಾರ, ಶೆಡ್ಡಿನಲ್ಲಿ ಯಾರೂ ಇಲ್ಲದಾಗ ದಾನಪ್ಪ ತಾನೇ ಬರೆದ ಪಟ್ಟಿ ಹಿಡಿದು ದೋಣಿಯೊಳಗೆ ಇಳಿದ. ಫ್ರಾಂಕ್ ಗೊತ್ತುಮಾಡಿದ ತೂಕ ಒಂದು ಸಾವಿರದ ಏಳುನೂರ ನಲವತ್ತು ಪೌಂಡು. ಅದನ್ನು ಗುಟ್ಟಾಗಿ ಇನ್ನಷ್ಟು ಇಳಿಸಿ ಮಾಲೀಕನನ್ನು ಬೆರಗುಗೊಳಿಸುವುದು ಅವನ ಯೋಜನೆ. ಹಗ್ಗದ ಸುರುಳಿ ತೆಗೆದ, ಒಂಬತ್ತು ಪೌಂಡು. ಸೀಟಿನ ಮೆತ್ತೆ, ಆರು. ಸ್ಪ್ಯಾನರುಗಳ ಚೀಲ, ಹನ್ನೊಂದು. ಫ್ರಾಂಕನ ಅಪ್ಪನ ಹೆಸರು ಕೆತ್ತಿಸಿದ್ದ ಹಿತ್ತಾಳೆ ಫಲಕವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬಿಚ್ಚಿದ, ಐದು. ಒಟ್ಟು ಮೂವತ್ತೊಂದು. ಈಗ ದೋಣಿ ಒಂದು ಸಾವಿರದ ಏಳುನೂರ ಒಂಬತ್ತು. ತೆಗೆದದ್ದನ್ನೆಲ್ಲ ಖಾಲಿ ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟು ಕೈ ಒರೆಸಿಕೊಂಡ.

ಮಧ್ಯಾಹ್ನ ನಾಗವ್ವ ಪೂಜೆಗೆ ಬಂದಳು. ದೊಡ್ಡ ಕೆಲಸಕ್ಕೆ ಹೊರಟ ಗಾಡಿಗೆ ಪೂಜೆಯಾಗದೆ ಹೇಗೆ? ಫ್ರಾಂಕನಿಗೂ ಖುಷಿಯೇ, ಅವರ ಕಡೆ ಪಾದ್ರಿ ಬಂದು ದೋಣಿಗೆ ನೀರು ಚಿಮುಕಿಸುತ್ತಾನಂತೆ. ನಾಗವ್ವ ಎರಡು ದೊಡ್ಡ ಚೀಲ ಹೊತ್ತು ಬಂದಿದ್ದಳು. ಪೂಜೆಯ ಸಾಮಾನು ಇಷ್ಟೊಂದೇ ಎಂದು ಯಾರೂ ಕೇಳಲಿಲ್ಲ. ವಿಭೂತಿ ಬಳಿದಳು, ಕುಂಕುಮ ಹಚ್ಚಿದಳು, ಟ್ರೇಲರಿನ ಗಾಲಿಗೆ ನಿಂಬೆಹಣ್ಣಿಟ್ಟಳು. ಕಾಯಿ ಒಡೆದ ಸದ್ದಿಗೆ ಕಾರ್ಖಾನೆಯ ಸೇಫ್ಟಿ ಅಧಿಕಾರಿ ಓಡಿಬಂದು, ವರದಿ ಬರೆಯಲು ಪೆನ್ನು ತೆಗೆದು, ಕೈಗೆ ಕೊಬ್ಬರಿ ಚೂರು ಬಿದ್ದ ಮೇಲೆ ಪೆನ್ನು ಒಳಗಿಟ್ಟ. ದಾನಪ್ಪ ಎಲ್ಲರಿಗೂ ಪ್ರಸಾದ ಹಂಚುತ್ತ ಆಫೀಸಿನೊಳಗೆ ಹೋದ. ತಿರುಗಿ ಬಂದಾಗ ನಾಗವ್ವ ಖಾಲಿ ಚೀಲ ಮಡಚಿಕೊಂಡು ನಿಂತಿದ್ದಳು.

"ನಾಳೆ ದೋಣಿಯ ಒಂದೊಂದು ಮೂಲಿನೂ ನೋಡ್ತೀರಲ್ಲ?" ಎಂದು ಕೇಳಿದಳು.

"ಮೂಲಿ ಮೂಲಿ ನೋಡ್ತೀನಿ. ಅದ ನನ್ನ ಕೆಲಸ."

"ಹಂಗಾರ ಛಲೋ ಆತು" ಎಂದು ಅವಳು ಬಸ್ಸು ಹಿಡಿಯಲು ಹೋದಳು.

ಶನಿವಾರ ಬೆಳಗ್ಗೆ ಕೆರೆಯ ದಂಡೆಯಲ್ಲಿ ಜಾತ್ರೆಯಷ್ಟು ಜನ. ದೋಣಿಯನ್ನು ಕ್ರೇನಿನಿಂದ ಎತ್ತಿ ನೀರಿಗಿಳಿಸುವ ಮುಂಚೆ ಅಲ್ಲೇ ತೂಗುವ ಪದ್ಧತಿ. ತಕ್ಕಡಿಯ ಅಧಿಕಾರಿಣಿ ಕನ್ನಡಕ ಏರಿಸಿ ಓದಿದಳು: "ಒಂದು ಸಾವಿರದ ಏಳುನೂರ ನಲವತ್ತು."

ದಾನಪ್ಪ ತಾನೇ ಬಗ್ಗಿ ಸಂಖ್ಯೆ ಓದಿದ. "ಇನ್ನೊಮ್ಮಿ ತೂಗ್ರಿ" ಎಂದ. ತೂಗಿದಳು. ಅಷ್ಟೇ. ಮೂರನೇ ಬಾರಿಯೂ ಅಷ್ಟೇ.

"ಸರ್, ನಿಮಗೆ ಯಾವ ಸಂಖ್ಯೆ ಬೇಕಾಗಿತ್ತು?" ಎಂದು ಅವಳು ಸಮಾಧಾನದಿಂದಲೇ ಕೇಳಿದಳು.

ಹಿಂದಿನಿಂದ ಫ್ರಾಂಕ್ "ಹದಿನೇಳು ನಲವತ್ತು! ಪರ್ಫೆಕ್ಟ್, ಡ್ಯಾನ್, ಪರ್ಫೆಕ್ಟ್!" ಎಂದು ಅವನ ಬೆನ್ನಿಗೆ ಗುದ್ದಿದ. ದಾನಪ್ಪ ಮೂವತ್ತೊಂದು ಪೌಂಡು ಕೈಯಾರೆ ತೆಗೆದಿದ್ದಾನೆ, ತಕ್ಕಡಿ ತೆಗೆದೇ ಇಲ್ಲ ಎನ್ನುತ್ತಿದೆ. ತಪ್ಪಿದ್ದು ತಾನೋ ತಕ್ಕಡಿಯೋ? ಜೀವನದಲ್ಲಿ ನಂಬಿದ್ದ ಒಂದೇ ವಸ್ತು ಕೈಕೊಟ್ಟ ದುಃಖದಲ್ಲಿ, ಮೂಲೆ ಮೂಲೆ ನೋಡುವ ಕೆಲಸವನ್ನು ದಾನಪ್ಪ ಆ ದಿನ ಮರೆತೇಬಿಟ್ಟ. ಅಷ್ಟರಲ್ಲಿ ದೂರದಲ್ಲಿ ಹಳದಿ ಬಸ್ಸಿನಿಂದ ಡೊಳ್ಳಿನ ಸದ್ದು ಕೇಳಿತು. ಅವನು ಸರಕ್ಕನೆ ಕ್ರೇನಿನ ಹಿಂದೆ ಅಡಗಿದ.

ದೋಣಿ ಓಡಿಸುವವಳು ಫ್ರಾಂಕನ ಮಗಳು ಜೀನಾ. ಇಪ್ಪತ್ತಾರರ ಹುಡುಗಿ, ಬಳುಕುವ ಬೆತ್ತ. ಹೆಲ್ಮೆಟ್ ಹಾಕಿ, ಕೆಂಪು ಅಂಗಿ ತೊಟ್ಟು, ಕೈಬೀಸುತ್ತ ದೋಣಿಯತ್ತ ನಡೆದಳು. ದಂಡೆಯ ಮೆಟ್ಟಿಲುಗಳ ಮೇಲೆ ನಲವತ್ತು ಕನ್ನಡಿಗರು ಎದ್ದು ನಿಂತರು.

"ಬಂದ್ರು! ದಾನಪ್ಪನವರು ಬಂದ್ರು!" ಎಂದು ಚಂದ್ರಮೋಹನ ಕೂಗಿದರು. "ಎಷ್ಟ್ ಇಳಿಸಿದಾರೆ ನೋಡ್ರೀ! ಅರ್ಧಕ್ಕರ್ಧ! ತಪಸ್ಸು ಅಂದ್ರೆ ಇದು!"

"ಸೊಂಟ ನೋಡಿ, ನಂಗೇ ಹೊಟ್ಟೆಕಿಚ್ಚಾಗ್ತಿದೆ" ಎಂದರು ನೀರಜಾ.

ಅವರ ಹನ್ನೆರಡು ವರ್ಷದ ಮಗಳು ಸಾಹಿತ್ಯ ಫೋನಿನಿಂದ ತಲೆಯೆತ್ತಿ ನೋಡಿ, "ಅಪ್ಪಾ, ದಟ್ಸ್ ಅ ಗರ್ಲ್" ಎಂದಳು.

"ಸುಮ್ನಿರು ಪುಟ್ಟ. ಹೆಲ್ಮೆಟ್ ಹಾಕ್ಕೊಂಡ್ರೆ ಎಲ್ರೂ ಹಾಗೇ ಕಾಣೋದು."

ನಾಗವ್ವ ಮಾತ್ರ ದೋಣಿಯತ್ತ ನೋಡುತ್ತಲೇ ಇರಲಿಲ್ಲ. ಕ್ರೇನಿನ ಕೆಳಗೆ ಕಾಣುತ್ತಿದ್ದ ಎರಡು ಪಾದ ನೋಡುತ್ತಿದ್ದಳು. ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲುವುದು ಅವಳ ಗಂಡನ ರೂಢಿ.

ದೀಪ ಹಸಿರಾಯಿತು. ಎರಡು ದೋಣಿಗಳೂ ಹಿಂದೆ ನೀರಿನ ಗೋಡೆ ಎಬ್ಬಿಸಿ ನೆಗೆದವು. ಚಂದ್ರಮೋಹನ "ಏಳಿ ದಾನಪ್ಪನವರೇ, ಏಳಿ!" ಎಂದು ಅರಚಿದರು. ಕೆಂಪು ದೋಣಿ ಎದ್ದಿತು. ಒಬ್ಬರು ಉಸಿರು ಒಳಗೆಳೆದು ಹೊರಗೆ ಬಿಡುವಷ್ಟರಲ್ಲಿ ಆಟ ಮುಗಿದೇಹೋಯಿತು. ದೊಡ್ಡ ಫಲಕದಲ್ಲಿ ಸಂಖ್ಯೆ ಬಿತ್ತು. ಎದುರಾಳಿಯದು ಹತ್ತು ದಶಾಂಶ ಸೊನ್ನೆ ಮೂರು. ನಮ್ಮದು ಹತ್ತು ದಶಾಂಶ ಸೊನ್ನೆ ಒಂದು. ಹತ್ತರ ಗೆರೆಗೆ ಕೂದಲೆಳೆ ಮೇಲೆ, ಗೆಲುವು ನಮ್ಮದು!

ಡೊಳ್ಳು ಮೊಳಗಿತು. ಚಂದ್ರಮೋಹನ ಹಾರ ಹಿಡಿದು ದಂಡೆಗೆ ಓಡಿದರು, ಹಿಂದೆ ಶಾಲು, ಅದರ ಹಿಂದೆ ಪೇಟ. ಜೀನಾ ದಂಡೆಗೆ ಬಂದು ಇಳಿದದ್ದೇ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅವಳ ಕೊರಳಿಗೆ ಹಾರ ಬಿತ್ತು. "ದಾನಪ್ಪನವರಿಗೆ..." ಎಂದು ಅಧ್ಯಕ್ಷರು, "ಜಯವಾಗಲಿ!" ಎಂದು ಸಂಘ. ಜೀನಾ ಹೆಲ್ಮೆಟ್ ತೆಗೆದಳು. ಕಂದು ಕೂದಲು ಸೊಂಟದವರೆಗೆ ಇಳಿಯಿತು.

ನಲವತ್ತು ಕನ್ನಡಿಗರು ಒಟ್ಟಿಗೆ ಬಾಯಿ ಮುಚ್ಚಿದ ಚರಿತ್ರೆ ಅದಕ್ಕೆ ಮುಂಚೆ ಇದ್ದಂತಿಲ್ಲ.

"ಟೋಲ್ಡ್ ಯೂ" ಎಂದಳು ಸಾಹಿತ್ಯ.

ದಾನಪ್ಪ ಕ್ರೇನಿನ ಹಿಂದಿನಿಂದ ಎಲ್ಲ ನೋಡುತ್ತಿದ್ದ. ಓಡಿಹೋಗಬಹುದಿತ್ತು, ಪಾರ್ಕಿಂಗ್ ಹತ್ತಿರದಲ್ಲೇ ಇತ್ತು. ಆದರೆ ಹಾರ ಹಾಕಿದ ಕೈಯನ್ನು ಇನ್ನೂ ಕೆಳಗಿಳಿಸದೆ, ದಿಕ್ಕು ತೋಚದೆ ನಿಂತ ಚಂದ್ರಮೋಹನರನ್ನು ಕಂಡು ಅವನ ಕಾಲು ಆ ಕಡೆ ತಿರುಗಲಿಲ್ಲ. ಪಾಪ, ಅವರು ಮಾಡಿದ ತಪ್ಪಾದರೂ ಏನು? ಹೊರಗೆ ಬಂದ.

"ಸರ್, ನಾ ಓಡಸಾಂವ ಅಲ್ರೀ" ಎಂದ. "ನಾ ಬರೇ ತೂಗಾಂವ. ಪೆಟಿಗಿ ತೂಗಿ ಚೀಟಿ ಹಚ್ಚತೀನಿ. ಹದಿನಾಲ್ಕು ವರ್ಷದಿಂದ ಅದನ್ನ ಮಾಡೇನಿ. ದೋಣಿನೂ ಬರೇ ತೂಗೇನಿ."

ಚಂದ್ರಮೋಹನ ಚಾಚಿದ್ದ ಕೈಯನ್ನು ಕೆಳಗಿಳಿಸಿದರು. "ಸಾರ್, ಓಡಿಸ್ತೀನಿ ಅಂತ ನೀವ್ ಯಾವತ್ತಾದ್ರೂ ಹೇಳಿದ್ರಾ?"

"ಇಲ್ರಿ. ಇಲ್ಲ ಅಂತನೂ ಹೇಳಲಿಲ್ಲ."

ಇಷ್ಟರಲ್ಲಿ ದೋಣಿಯ ಕಡೆಯಿಂದ ಫ್ರಾಂಕನ ಕೂಗು. ಎರಡೂ ಕೈ ಆಕಾಶದಲ್ಲಿ. ಜೀನಾ ಬರಿ ಹಲಗೆಯ ಮೇಲೆ ಕೂತು ಓಡಿಸಿದ್ದಾಳೆ, ಮೆತ್ತೆ ಎಲ್ಲಿ? ಹಗ್ಗ ಎಲ್ಲಿ? ನಮ್ಮಪ್ಪನ ಫಲಕ ಎಲ್ಲಿ? ದಾನಪ್ಪ ತಲೆ ತಗ್ಗಿಸಿ ಅದನ್ನೂ ಒಪ್ಪಿಕೊಂಡ. ಮೂವತ್ತೊಂದು ಪೌಂಡು, ಬೆರಗುಗೊಳಿಸಲೆಂದು.

ಫ್ರಾಂಕ್ ನೆಲದ ಮೇಲೆ ಕೂತುಬಿಟ್ಟ. "ಡ್ಯಾನ್, ಹತ್ತಕ್ಕಿಂತ ಕೆಳಗೆ ಹೋದರೆ ಹೊರಗೆ ಅಂತ ಹೇಳಿರಲಿಲ್ಲವಾ? ಮೂವತ್ತೊಂದು ಪೌಂಡು ಅಂದರೆ ಸೆಕೆಂಡಿನ ನೂರರಲ್ಲಿ ಮೂರು ಪಾಲು. ಒಂಬತ್ತು ದಶಾಂಶ ಒಂಬತ್ತು ಎಂಟು ಓಡಬೇಕಾಗಿತ್ತು. ಈಗ ಮನೆಗೆ ಹೋಗ್ತಾ ಇರ್ತಿದ್ದೆವು!" ಆಮೇಲೆ ಅವನಿಗೇ ಹೊಳೆಯಿತು. "ಮತ್ತೆ ತಕ್ಕಡಿ ಹೇಗೆ ಸರಿಯಾಗಿ ತೋರಿಸಿತು?"

ಈಗ ದಾನಪ್ಪನೂ ತಲೆಯೆತ್ತಿದ. ಅವನ ಕಣ್ಣು ಮೊದಲ ಬಾರಿಗೆ ದೋಣಿಯ ಮೂತಿಯ ಕಡೆ, ಅಲ್ಲಿನ ಸಾಮಾನಿನ ಗೂಡಿನ ಮುಚ್ಚಳದ ಕಡೆ ಹೋಯಿತು. ಓಡಿಹೋಗಿ ತೆಗೆದ. ಒಳಗೆ ಹಳೆಯ ಇಳಕಲ್ ಸೀರೆಯಲ್ಲಿ, ಅಂಗಡಿಯ ಅಂಗಿಯಷ್ಟು ಅಚ್ಚುಕಟ್ಟಾಗಿ ಮಡಚಿ ಬಿಗಿದ ಗಂಟು. ಎರಡು ಕೈಯಲ್ಲೂ ಎತ್ತಲು ಏದುಸಿರು ಬಂತು. ಬಿಚ್ಚಿದರೆ ಐವತ್ತು ಕಡಕ್ ರೊಟ್ಟಿ, ಎಣ್ಣೆಗಾಯಿಯ ಸ್ಟೀಲ್ ಡಬ್ಬಿ, ಶೇಂಗಾ ಚಟ್ನಿ, ಪುಳಿಯೋಗರೆ, ಉಪ್ಪಿನಕಾಯಿ, ಮೂವತ್ತು ಶೇಂಗಾ ಹೋಳಿಗೆ, ಕುಡಿಯಲು ನೀರಿನ ಕ್ಯಾನು. ಪಕ್ಕದಲ್ಲಿ ಒಂದು ಹಸಿ ಉಳ್ಳಾಗಡ್ಡಿ.

ಯಾರೂ ಹೇಳದೆಯೇ ಅಧಿಕಾರಿಣಿ ಗಂಟನ್ನು ತಕ್ಕಡಿಗೆ ಏರಿಸಿದಳು. ಕನ್ನಡಕ ಏರಿಸಿ ಓದಿದಳು: "ಮೂವತ್ತೊಂದು."

ದಾನಪ್ಪ ತಿರುಗಿದ. ನಾಗವ್ವ ಹತ್ತಿರದಲ್ಲೇ ನಿಂತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ.

"ನಾ ಓಡಸಂಗಿಲ್ಲ ಅಂತ ನಿನಗ..."

"ಮೊದಲನೇ ದಿನದಿಂದ ಗೊತ್ತೈತ್ರಿ. ನಾಲ್ಕುನೂರಾ ಒಂದನೇ ಹೈವೇದಾಗ ಲೇನ್ ಬದಲಸಾಕ ನನ್ನ ಕೇಳ್ತೀರಿ ನೀವು."

"ಮತ್ತ ಯಾಕ ಹೇಳಲಿಲ್ಲ?"

"ಎಲ್ಲಾರೂ ಚಪ್ಪಾಳಿ ತಟ್ಟಾಕತ್ತಿದ್ರಲ್ಲ. ನಿಮ್ಮ ಮುಖ ಅರಳಿತ್ತು. ನಾ ಯಾಕ ಬಾಡಸಲಿ?"

"ಆದ್ರ ಈ ಬುತ್ತಿ? ನಾ ದೋಣ್ಯಾಗ ಕುಂದರೂದಿಲ್ಲ ಅಂತ ಗೊತ್ತಿದ್ದೂ..."

"ಕೈಯಾಗ ಕೊಟ್ರ ಒಲ್ಲೆ ಅಂತಿದ್ರಿ. ದೋಣಿಯ ಮೂಲಿ ಮೂಲಿ ನೋಡೂದು ನನ್ನ ಕೆಲಸ ಅಂದಿದ್ರಿ, ನೋಡುವಾಗ ಸಿಗತೈತಿ, ಹಸದಾಗ ಉಣ್ತೀರಿ, ಜೋಡಿದಾವ್ರಿಗೂ ಕೊಡ್ತೀರಿ ಅಂತ ಇಟ್ಟೆ." ಅವಳು ಸೆರಗಿನ ತುದಿ ಬಿಟ್ಟಳು. "ಓಡಸಾಂವಗ ಅಷ್ಟ ಹಸಿವಿ ಆಗತೈತೇನು? ತೂಗಾಂವಗ ಆಗೂದಿಲ್ಲ?"

ಮೂರು ತಿಂಗಳು ಈ ಹೆಂಗಸಿನ ಮುಖ ನೋಡದೆ ಸೌತೆಕಾಯಿ ತಿಂದಿದ್ದೆನಲ್ಲ ಎಂದು ದಾನಪ್ಪನಿಗೆ ತನ್ನ ಮೇಲೇ ಅಳು ಬಂತು, ಅಳುತ್ತಲೇ ಅವನು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾಗವ್ವ ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಕೊಟ್ಟಳು. ಅವನು ತಿಂದ. ಫ್ರಾಂಕ್ ತಿಂದ, ಬರಿ ಹಲಗೆಯ ಸಿಟ್ಟು ಮರೆತು ಜೀನಾ ತಿಂದಳು, ಅಧಿಕಾರಿಣಿ ಎರಡು ಹೋಳಿಗೆ ತಿಂದಳು. ನಲವತ್ತು ಕನ್ನಡಿಗರಿಗೆ ಬುತ್ತಿ ಕಂಡ ಮೇಲೆ ಮೌನವಾಗಿರಲು ಸಾಧ್ಯವೇ? ಐದು ನಿಮಿಷದಲ್ಲಿ ಗಂಟು ಬರಿದಾಯಿತು. ಚಂದ್ರಮೋಹನರ ಕೈಯಲ್ಲಿ ಶಾಲು, ಪೇಟ ಇನ್ನೂ ಉಳಿದಿದ್ದವು. ಸನ್ಮಾನ ಮಾಡದೆ ಮನೆಗೆ ಹೋಗುವ ಜಾಯಮಾನ ಅವರದಲ್ಲ. ಶಾಲನ್ನು ನಾಗವ್ವನಿಗೆ ಹೊದಿಸಿ, ಪೇಟವನ್ನು ದಾನಪ್ಪನ ತಲೆಗಿಟ್ಟು, ಬ್ಯಾನರಿನ ಹೆಲ್ಮೆಟ್ಟು ಮುಚ್ಚುವಂತೆ ತಾವೇ ಒಂದು ಕಾಗದ ಅಂಟಿಸಿದರು.

"ಇನ್ನೊಂದು ಹಾಕ್ಲಿ?" ಎಂದಳು ನಾಗವ್ವ, ತೆಗೆದಿಟ್ಟಿದ್ದ ಕೊನೆಯ ಹೋಳಿಗೆ ಹಿಡಿದು.

"ಹಾಕು" ಎಂದ ದಾನಪ್ಪ.

ಅವನು ಎದ್ದಾಗ ಕೈ ಊರಿದ, ಕ್ರೇನು ಹಿಡಿದ, ಶಿವಾ ಅಂದ. ಫ್ರಾಂಕ್ ತೂಕದ ಪಟ್ಟಿಯನ್ನು ಅವನ ಮುಂದೆ ಹಿಡಿದು, ಮುಂದಿನ ತಿಂಗಳ ಪಂದ್ಯಕ್ಕೂ ದೋಣಿ ಇದೇ ತೂಕಕ್ಕೆ ಇರಬೇಕು, ಈ ಸಲ ಪೂರ್ತಿ ಕೇಳು ಎಂದು ಎರಡೂ ಕೈಯಿಂದ ಹೇಳತೊಡಗಿದ. ದಾನಪ್ಪ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೆ ಪೆನ್ನು ತೆಗೆದು, ಪಟ್ಟಿಯ ಕೊನೆಯಲ್ಲಿ ಹೊಸ ಸಾಲು ಬರೆದ. ವಸ್ತು: ನಾಗವ್ವನ ಬುತ್ತಿ. ತೂಕ: ಮೂವತ್ತೊಂದು ಪೌಂಡು. ತೆಗೆಯಬಹುದೇ ಎನ್ನುವ ಮೂರನೇ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ: ಇಲ್ಲ.